ಟಾರಿಂಗ್ಟನ್ ಚೌಕದ ಹಳೆಯ ಹಾಡುಗಳು

ಕೊಲಂಬೊ ನಗರದ ಏಳನೆಯ ವಿಭಾಗಕ್ಕೆ ದಾಲ್ಚಿನ್ನಿ ತೋಟವೆಂದು ಹೆಸರು. ಡಚ್ಚರ ಕಾಲದಲ್ಲಿ ಇಲ್ಲಿ ನಿಜವಾಗಿಯೂ ದಾಲ್ಚಿನ್ನಿಯನ್ನು ಬೆಳೆಯುತ್ತಿದ್ದರು. ಈಗ ಪರಿಮಳವು ಹೆಸರಿನಲ್ಲಿ ಮಾತ್ರ ಉಳಿದಿದೆ. ಮರಗಳ ನೆರಳು ಹಾಸಿದ ಅಗಲವಾದ ಬೀದಿಗಳಲ್ಲಿ ನಡೆದುಹೋದರೆ ವಿಶಾಲವಾದ ಒಂದು ಚೌಕ ಎದುರಾಗುತ್ತದೆ. ಅದರ ನಡುವೆ ೧೯೪೮ರ ಸ್ವಾತಂತ್ರ್ಯದ ಸ್ಮಾರಕ ಮಂಟಪ. ಕ್ಯಾಂಡಿಯ ಅರಸರ ಒಡ್ಡೋಲಗದ ಮಾದರಿಯಲ್ಲಿ, ಗೋಡೆಗಳಿಲ್ಲದೆ ಬರಿಯ ಕಂಬಗಳ ಮೇಲೆ ನಿಂತಿರುವ ಕಟ್ಟಡ ಅದು. ಪ್ರವಾಸಿಗಳು ಅಲ್ಲಿನ ಸಿಂಹಗಳ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಮುಂದೆ ಸಾಗುತ್ತಾರೆ. ಹತ್ತಿರದಲ್ಲಿಯೇ ಇರುವ ಬಾನುಲಿ ನಿಲಯವನ್ನು ತಿರುಗಿ ನೋಡುವವರು ವಿರಳ. ಹಾಗೆ ಯಾರಾದರೂ ನಿಂತು ನೋಡಿದರೆ ಅವರು ಭಾರತದಿಂದ ಬಂದವರು, ವಯಸ್ಸಾದವರು, ಎಂದು ಧೈರ್ಯವಾಗಿ ಊಹಿಸಬಹುದು.

ಈ ಚೌಕದ ಹಿಂದಿನ ಹೆಸರು ಟಾರಿಂಗ್ಟನ್ ಚೌಕ. ೧೮೪೮ರ ದಂಗೆಯನ್ನು ನಿರ್ದಯವಾಗಿ ಅಡಗಿಸಿದ ಆಂಗ್ಲ ಗವರ್ನರನ ಹೆಸರು ಅದು. ಸ್ವತಂತ್ರ ಸಿಂಹಳವು ಆ ಹೆಸರನ್ನು ಅಳಿಸಿ ಸ್ವಾತಂತ್ರ್ಯ ಚೌಕವೆಂದು ಕರೆದದ್ದು ನ್ಯಾಯವೇ ಆಯಿತು. ಆದರೆ ಬೆಂಗಳೂರು, ನಾಗಪುರ, ಪಾಟ್ನಾಗಳಲ್ಲಿ ಕುಳಿತು ಅಂಚೆಕಾರ್ಡು ಬರೆಯುತ್ತಿದ್ದ ಸಾವಿರಾರು ಮಂದಿಗೆ ಗವರ್ನರನ ಕ್ರೌರ್ಯದ ಸುಳಿವೇ ಇರಲಿಲ್ಲ. ಅವರ ಪಾಲಿಗೆ ಅದು ಹಾಡುಗಳು ಹೊರಟುಬರುವ ಊರು, ರೇಡಿಯೋ ಸಿಲೋನಿನ ಊರು.

ಒಂದು ಕಾಲದ ಬೆಂಗಳೂರಿನ ಮನೆಯೊಂದನ್ನು ಓದುಗರು ನೆನಪಿಗೆ ತಂದುಕೊಳ್ಳಲಿ. ನಡುಮನೆಯ ಗೂಡಿನಲ್ಲಿ ಕಸೂತಿಯ ಹೊದಿಕೆ ಹೊದ್ದ ರೇಡಿಯೋ ಪೆಟ್ಟಿಗೆ. ಅದರ ಲೈಸೆನ್ಸಿಗೆ ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕು. ಗುಂಡಿ ತಿರುಗಿಸಿದೊಡನೆ ಮಾತನಾಡುವ ಜಾತಿಯಲ್ಲ ಅದು. ವಾಲ್ವುಗಳು ಕಾಯುವವರೆಗೆ ಮನೆಯವರೂ ಕಾಯಬೇಕು. ಬೆಳಗಿನ ಏಳೂವರೆಗೆ ಕೊಲಂಬೊ ನಿಲಯವು ಹಳೆಯ ಚಲಚ್ಚಿತ್ರಗಳ ಹಾಡುಗಳನ್ನು ಹಾಕುತ್ತಿತ್ತು. ಸಮುದ್ರದ ಅಲೆಯಂತೆ ಒಮ್ಮೆ ಉಬ್ಬಿ ಒಮ್ಮೆ ಕುಗ್ಗುವ ಧ್ವನಿ. ಹಿನ್ನೆಲೆಯಲ್ಲಿ ಹುರಿಗಡಲೆ ಹುರಿದಂತೆ ಚಟಪಟ ಸದ್ದು. ಪಂಕಜ ಮಲ್ಲಿಕ್, ಕಾನನ ದೇವಿ, ಖುರ್ಷೀದ್, ನೂರ್ ಜಹಾನ್ ಒಬ್ಬರ ಹಿಂದೊಬ್ಬರು ಬಂದುಹೋಗುತ್ತಿದ್ದರು. ಎಂಟು ಗಂಟೆಗೆ ಮೂರು ನಿಮಿಷವಿದೆಯೆನ್ನುವಾಗ ಕುಂದನ್ ಲಾಲ್ ಸೈಗಲ್ ಬರುತ್ತಿದ್ದ. ಒಂದೇ ಹಾಡು, ದಿನವೂ ತಪ್ಪದೆ. ಮನೆಯಲ್ಲಿ ಗಡಿಯಾರ ನಿಂತಿದ್ದರೂ ಚಿಂತೆಯಿರಲಿಲ್ಲ. ಸೈಗಲ್ ಬಂದನೆಂದರೆ ಮಕ್ಕಳು ಪುಸ್ತಕದ ಚೀಲಕ್ಕೆ ಕೈಹಾಕಬೇಕು, ಯಜಮಾನರು ಸ್ನಾನ ಮುಗಿಸಿರಬೇಕು.

ಈ ಮೂರು ನಿಮಿಷದ ಲೆಕ್ಕಕ್ಕೆ ಒಂದು ಕಾರಣವುಂಟು. ನಿಮಿಷಕ್ಕೆ ೭೮ ಸುತ್ತು ತಿರುಗುವ ಅರಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಅಷ್ಟೇ. ಮೂರು ನಿಮಿಷ, ಹೆಚ್ಚೆಂದರೆ ಇನ್ನೊಂದು ಚೂರು. ಹೀಗೆ ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯ ತಟ್ಟೆಯ ಅಳತೆಯೇ ದಕ್ಷಿಣದ ಮನೆಗಳ ಬೆಳಗಿನ ಅಳತೆಯಾಯಿತು. ಸೈಗಲ್ ತೀರಿಕೊಂಡದ್ದು ೧೯೪೭ರ ಜನವರಿಯಲ್ಲಿ, ಜಾಲಂಧರದಲ್ಲಿ. ಕೊಲಂಬೊದ ವಾಣಿಜ್ಯ ಪ್ರಸಾರವಾದರೋ ಆರಂಭವಾದದ್ದು ೧೯೫೦ರ ಸುಮಾರಿಗೆ. ಎಂದರೆ, ತನ್ನ ಮರಣಾನಂತರ ಹುಟ್ಟಿದ ಪ್ರಸಾರವೊಂದರಲ್ಲಿ ಆತ ಪ್ರತಿದಿನ ಬೆಳಿಗ್ಗೆ ಎದ್ದು ಹಾಡಿದ.

ಅಷ್ಟು ದೂರದ ದ್ವೀಪಕ್ಕೆ ಹಿಂದಿಯ ಹಾಡುಗಳ ಗೊಡವೆಯೇಕೆ ಬಂದಿತು? ಇದಕ್ಕೆ ಉತ್ತರ ಕೊಲಂಬೊದಲ್ಲಿಲ್ಲ, ದಿಲ್ಲಿಯಲ್ಲಿದೆ. ೧೯೫೨ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಹೊಣೆ ಹೊತ್ತ ಬಿ. ವಿ. ಕೇಸಕರರು ಶಾಸ್ತ್ರೀಯ ಸಂಗೀತದ ಪರಮಭಕ್ತರು. ಚಲಚ್ಚಿತ್ರದ ಹಾಡುಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆಂದು ಅವರ ದೃಢವಾದ ನಂಬಿಕೆ. ಆಕಾಶವಾಣಿಯಲ್ಲಿ ಆ ಹಾಡುಗಳ ಪಾಲು ಕುಗ್ಗಿತು. ಹಾಡನ್ನು ಹಾಕಿದರೂ ಚಿತ್ರದ ಹೆಸರನ್ನು ಹೇಳುವಂತಿಲ್ಲ; ಹೇಳಿದರೆ ಅದು ಜಾಹೀರಾತಾದೀತು! ನಿರ್ಮಾಪಕರು ಮುನಿದು, ಹಾಡುಗಳನ್ನು ಬಳಸಲು ಕೊಟ್ಟಿದ್ದ ಅನುಮತಿಯನ್ನೇ ಹಿಂತೆಗೆದುಕೊಂಡರು. ದೇಶದ ಜನ ಗುಣುಗುಣಿಸುತ್ತಿದ್ದ ಹಾಡುಗಳು ದೇಶದ ಬಾನುಲಿಯಲ್ಲಿ ಕೇಳದಾದವು.

ಕೇಸಕರರನ್ನು ಹಾಸ್ಯಮಾಡಿ ಮುಗಿಸುವುದು ಸುಲಭ. ಹಲವರು ಹಾಗೆ ಮಾಡಿಯೂ ಇದ್ದಾರೆ. ಆದರೆ ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಮೊದಲಾದದ್ದು ಅದೇ ೧೯೫೨ರಲ್ಲಿ. ಸಂಸ್ಥಾನಗಳು ಅಳಿದು ರಾಜಾಶ್ರಯ ತಪ್ಪಿದ್ದ ಕಾಲದಲ್ಲಿ ವಿದ್ವಾಂಸರಿಗೂ ಉಸ್ತಾದರಿಗೂ ಆಕಾಶವಾಣಿಯೇ ಆಸ್ಥಾನವಾಯಿತು. ೧೯೫೦ರಲ್ಲಿ ತೆರೆದ ಧಾರವಾಡ ನಿಲಯಕ್ಕೆ ಸಂಗೀತ ಸಲಹೆಗಾರರಾಗಿದ್ದವರು ಮಲ್ಲಿಕಾರ್ಜುನ ಮನಸೂರರು. ಗಂಗೂಬಾಯಿ ಹಾನಗಲ್ಲರ ದನಿಯನ್ನು ಸಂಗೀತಸಭೆಯ ಮೆಟ್ಟಿಲು ಹತ್ತದವರ ಮನೆಗೂ ಮುಟ್ಟಿಸಿದ್ದು ಬಾನುಲಿಯೇ. ಕೊಟ್ಟ ಊಟ ಒಳ್ಳೆಯದೇ. ಬೇರೆ ಊಟ ಕೂಡದೆಂದು ಬಾಗಿಲು ಹಾಕಿದ್ದು ತಪ್ಪಾಯಿತು. ಹಸಿದವನು ನೆರೆಮನೆಗೆ ಹೋಗುತ್ತಾನೆ.

ನೆರೆಮನೆಯಲ್ಲಿ ಒಲೆ ಹೊತ್ತಿಸಿಟ್ಟದ್ದು ಯುದ್ಧ. ಕೊಲಂಬೊದ ಬಾನುಲಿಗೆ ಅದರ ಹುಟ್ಟಿನಿಂದಲೂ ಯುದ್ಧದ ನಂಟು. ೧೯೨೩ರಲ್ಲಿ ತಂತಿ ಇಲಾಖೆಯ ಎಂಜಿನಿಯರ್ ಎಡ್ವರ್ಡ್ ಹಾರ್ಪರ್ ಎಂಬವನು ಸೆರೆಸಿಕ್ಕ ಜರ್ಮನ್ ಜಲಾಂತರ್ನೌಕೆಯೊಂದರ ಉಪಕರಣಗಳಿಂದ ಪ್ರಸಾರಯಂತ್ರವನ್ನು ಜೋಡಿಸಿ ಗ್ರಾಮಫೋನ್ ಸಂಗೀತವನ್ನು ಗಾಳಿಗೆ ಬಿಟ್ಟ. ೧೯೨೫ರ ಡಿಸೆಂಬರಿನಲ್ಲಿ ಕ್ರಮಬದ್ಧ ಪ್ರಸಾರ ಆರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ, ಮೌಂಟ್‌ಬ್ಯಾಟನ್ನರ ಸೇನಾ ಪಾಳೆಯವು ಸಿಂಹಳದಲ್ಲಿದ್ದಾಗ, ಆಗ್ನೇಯ ಏಷ್ಯದಲ್ಲಿ ಚದರಿದ್ದ ಸೈನಿಕರಿಗಾಗಿ ಎಕಲ ಎಂಬಲ್ಲಿ ೧೦೦ ಕಿಲೋವಾಟಿನ ಹ್ರಸ್ವ ತರಂಗ ಯಂತ್ರವನ್ನು ನಿಲ್ಲಿಸಿದರು. ಹ್ರಸ್ವ ತರಂಗದ ಗುಣವೇ ವಿಚಿತ್ರ. ಅದು ಮೇಲೇರಿ, ವಾಯುಮಂಡಲದ ಎತ್ತರದ ವಿದ್ಯುತ್ಪದರಕ್ಕೆ ತಾಗಿ, ಚೆಂಡಿನಂತೆ ಪುಟಿದು ಸಾವಿರಾರು ಮೈಲಿ ದೂರಕ್ಕೆ ಇಳಿಯುತ್ತದೆ. ಗಡಿಗಳೂ ಸುಂಕದ ಕಟ್ಟೆಗಳೂ ಅದಕ್ಕೆ ಅಡ್ಡಬರುವುದಿಲ್ಲ. ಯುದ್ಧ ಮುಗಿಯಿತು, ಸೈನಿಕರು ಊರಿಗೆ ಹೋದರು. ಆ ಮಹಾಯಂತ್ರ ೧೯೪೯ರಲ್ಲಿ ಸಿಂಹಳ ಸರಕಾರದ ಕೈಗೆ ಬಂದಿತು. ಕೊಲಂಬೊ ಯೋಜನೆಯಲ್ಲಿ ಆಸ್ಟ್ರೇಲಿಯದಿಂದ ಬಂದ ಕ್ಲಿಫರ್ಡ್ ಡಾಡ್ ಅದನ್ನು ವ್ಯಾಪಾರಕ್ಕೆ ಹೂಡಿದ. ಭಾರತದಲ್ಲಿ ಬಾನುಲಿ ಜಾಹೀರಾತಿಗೆ ಎಡೆಯಿಲ್ಲ. ಚಹಾ, ಹಲ್ಲುಪುಡಿ, ಸಾಬೂನುಗಳನ್ನು ಮಾರುವವರಿಗೆ ಕೊಲಂಬೊ ಬಾಗಿಲು ತೆರೆಯಿತು.

ಬಿನಾಕ ಹಲ್ಲುಪೇಸ್ಟಿನ ಗೀತಮಾಲೆ ಹುಟ್ಟಿದ್ದು ಹೀಗೆ, ೧೯೫೨ರ ಡಿಸೆಂಬರಿನಲ್ಲಿ. ಇಪ್ಪತ್ತರ ಹರೆಯದ ಅಮೀನ್ ಸಯಾನಿಯ ಮಾತನ್ನು ಮುಂಬಯಿಯಲ್ಲಿ ಧ್ವನಿಮುದ್ರಿಸಿ ಕೊಲಂಬೊಕ್ಕೆ ವಿಮಾನದಲ್ಲಿ ಕಳುಹಿಸುತ್ತಿದ್ದರು. ಭಾರತದಲ್ಲಿ ತಯಾರಾದ ಹಾಡು, ಭಾರತದವನ ಮಾತು, ಭಾರತದ ಕೇಳುಗ. ನಡುವೆ ಸಮುದ್ರ ದಾಟಿ ಬರಬೇಕಾದ ಪ್ರಯಾಣ ಮಾತ್ರ ಸರಕಾರದ ಕೃಪೆ. ಆರಂಭದಲ್ಲಿ ಅದೊಂದು ಸ್ಪರ್ಧೆ: ಏಳು ಹಾಡುಗಳನ್ನು ಅವುಗಳ ಕಾಲಾನುಕ್ರಮದಲ್ಲಿ ಹೊಂದಿಸಿದವರಿಗೆ ೧೦೦ ರೂಪಾಯಿ ಬಹುಮಾನ. ಮೊದಲ ಕಾರ್ಯಕ್ರಮಕ್ಕೆ ೯,೦೦೦ ಪತ್ರಗಳು ಬಂದವು. ಅವು ವಾರಕ್ಕೆ ೬೫,೦೦೦ದವರೆಗೆ ಏರಿದಾಗ, ಓದುವವರು ಕೈಮುಗಿದು, ಸ್ಪರ್ಧೆಯನ್ನು ನಿಲ್ಲಿಸಿ, ಜನಪ್ರಿಯತೆಯ ಮೆಟ್ಟಿಲುಗಳನ್ನು ಕಟ್ಟಿದರು. ಬುಧವಾರದ ರಾತ್ರಿ ಯಾವ ಹಾಡು ಎಷ್ಟು ಮೆಟ್ಟಿಲು ಹತ್ತಿತೆಂಬುದು ಮರುದಿನ ಕಾಲೇಜುಗಳ ಕಟ್ಟೆಯ ಮೇಲೆ ಚರ್ಚೆಯ ವಿಷಯ. ಅಭ್ರಕದ ವ್ಯಾಪಾರದ ಸಣ್ಣ ಊರಾದ ಝುಮ್ರಿ ತಿಲೈಯ್ಯಾದಿಂದ ಬಂದ ಮೆಚ್ಚುಗೆಯ ಪತ್ರಗಳ ರಾಶಿಯನ್ನು ಕಂಡು, ಅಂಥ ಊರು ನಿಜವಾಗಿ ಇದೆಯೇ ಎಂದು ಶಂಕಿಸಿದವರುಂಟು. ಇದೆ, ಇಂದಿನ ಝಾರ್ಖಂಡದ ಕೋಡರ್ಮಾ ಜಿಲ್ಲೆಯಲ್ಲಿ.

ನಮ್ಮ ಕನ್ನಡಕ್ಕೂ ಅಲ್ಲಿ ಸ್ಥಳವಿಲ್ಲದಿರಲಿಲ್ಲ. ತಮಿಳಿನ ಪ್ರಸಾರ ದೊಡ್ಡದು, ಅದು ಸಿಂಹಳದವರ ಮನೆಮಾತೂ ಹೌದು. ಅದರ ಜೊತೆಗೆ ತೆಲುಗು, ಮಲೆಯಾಳ, ಕನ್ನಡಗಳಿಗೂ ಚೂರುಪಾರು ವೇಳೆ ಸಿಕ್ಕುತ್ತಿತ್ತು. ೧೯೩೫ರಲ್ಲಿಯೇ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಮಾಡಿ ಅದಕ್ಕೆ ಆಕಾಶವಾಣಿಯೆಂದು ಹೆಸರಿಟ್ಟ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ನಾಡಿನವರು, ಎರಡು ದಶಕಗಳ ಅನಂತರ ಸಿನಿಮಾ ಹಾಡಿಗಾಗಿ ಸಮುದ್ರದಾಚೆಯ ನಿಲಯಕ್ಕೆ ಮುಳ್ಳು ತಿರುಗಿಸಿ ಕುಳಿತರೆಂಬುದು ವಿನೋದವೋ ವಿಷಾದವೋ, ಓದುಗರೇ ನಿರ್ಧರಿಸಲಿ.

ದಿಲ್ಲಿಗೆ ವಿಷಯ ಅರ್ಥವಾಗುವುದಕ್ಕೆ ಐದು ವರ್ಷ ಬೇಕಾಯಿತು. ೧೯೫೭ರ ಅಕ್ಟೋಬರ್ ೩ರಂದು ವಿವಿಧ ಭಾರತಿ ಬಂದಿತು. ೧೯೬೭ರಲ್ಲಿ ಅದಕ್ಕೆ ಜಾಹೀರಾತುಗಳೂ ಬಂದವು. ಸ್ವಚ್ಛವಾಗಿ ಕೇಳುವ ಹತ್ತಿರದ ನಿಲಯವಿರುವಾಗ ಕೊಲಂಬೊದ ಏರಿಳಿತವನ್ನು ಸಹಿಸುವವರು ಕ್ರಮೇಣ ಕಡಿಮೆಯಾದರು. ಗೀತಮಾಲೆಯೂ ೧೯೮೯ರಲ್ಲಿ ವಿವಿಧ ಭಾರತಿಗೆ ಸಂಸಾರ ಹೂಡಿತು. ೧೯೭೨ರಲ್ಲಿ ದೇಶದ ಹೆಸರು ಶ್ರೀಲಂಕಾ ಆದಾಗ ನಿಲಯದ ಹೆಸರೂ ಶ್ರೀಲಂಕಾ ಪ್ರಸಾರ ನಿಗಮವೆಂದಾಯಿತು. ಆದರೂ ಕೇಳುಗರ ಬಾಯಲ್ಲಿ ಸಿಲೋನ್ ಸಿಲೋನಾಗಿಯೇ ಉಳಿಯಿತು.

ಹೊಸ ಹಾಡುಗಳನ್ನು ಕಳೆದುಕೊಂಡ ಮೇಲೆಯೂ ಬೆಳಗಿನ ಹಳೆಯ ಹಾಡುಗಳು ಬಹುಕಾಲ ಅಲ್ಲಿಯೇ ನಿಂತವು. ಅದಕ್ಕೆ ಕಾರಣ ಚೌಕದ ಆ ಕಟ್ಟಡದೊಳಗಿನ ತಟ್ಟೆಗಳ ಭಂಡಾರ. ಅದರ ಬೆಲೆಯೇನೆಂದು ತಿಳಿಯಬೇಕಾದರೆ ಒಂದು ದುಃಖದ ಸಂಗತಿಯನ್ನು ನೆನೆಯಬೇಕು. ೧೯೩೧ರ ಮೊದಲ ಮಾತಿನ ಚಿತ್ರ ‘ಆಲಂ ಆರಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ, ೧೯೩೪ರ ‘ಸತಿ ಸುಲೋಚನ’ದ ಗತಿಯೂ ಅದೇ. ಆ ಕಾಲದ ಎಷ್ಟೋ ಚಿತ್ರಗಳ ಸುರುಳಿಗಳು ಉರಿದುಹೋದವು, ಕೊಳೆತುಹೋದವು. ಚಿತ್ರ ಅಳಿದ ಮೇಲೆ ಅದರ ಉಸಿರು ಉಳಿದಿದ್ದರೆ ಆ ಅರಗಿನ ತಟ್ಟೆಗಳಲ್ಲಿ ಮಾತ್ರ. ಅವೋ, ಕೈಜಾರಿದರೆ ಹಂಚಿನಂತೆ ಒಡೆಯುವ ವಸ್ತುಗಳು. ನಮ್ಮ ಮನೆಗಳಲ್ಲಿ ಹಳೆಯ ಪಾತ್ರೆಯವನ ಪಾಲಾದವುಗಳೇ ಹೆಚ್ಚು. ಭಾರತದಲ್ಲಿ ಯಾರ ಬಳಿಯೂ ಸಿಗದ ಹಾಡು ಕೊಲಂಬೊದಿಂದ ಕೇಳಿಬಂದಿತೆಂದು ಸಂಗ್ರಾಹಕರು ಹೇಳುತ್ತಿದ್ದುದು ಅತಿಶಯವೇನೂ ಅಲ್ಲ.

ಅಂಥವರಲ್ಲಿ ಕೆಲವರು ಬೆಳಗಿನ ಏಳೂವರೆಗೆ ನೋಟುಬುಕ್ಕು ತೆರೆದು ಕುಳಿತಿರುತ್ತಿದ್ದರು. ಚಿತ್ರದ ಹೆಸರು, ವರ್ಷ, ಹಾಡಿದವರು, ಸಂಗೀತ ಹೊಂದಿಸಿದವರು. ಧ್ವನಿ ಮಸಕಾದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ. ಮುಂದೆ ಟೇಪ್ ರೆಕಾರ್ಡರು ಬಂದಾಗ ಅದನ್ನು ರೇಡಿಯೋದ ಬಾಯಿಗೆ ಹಿಡಿದು ಮುದ್ರಿಸಿಕೊಂಡರು. ಆ ಮುದ್ರಣಗಳಲ್ಲಿ ಹಾಡಿನ ಜೊತೆಗೆ ಅಡುಗೆಮನೆಯ ಪಾತ್ರೆಯ ಸದ್ದೂ, ಎಲ್ಲಿಯೋ ಕೂಗಿದ ಹಾಲಿನವನ ದನಿಯೂ ಸೇರಿಕೊಂಡಿವೆ. ೨೦೨೪ರ ಫೆಬ್ರವರಿ ೨೦ರಂದು ಅಮೀನ್ ಸಯಾನಿ ತೊಂಬತ್ತೊಂದರ ವಯಸ್ಸಿನಲ್ಲಿ ತೀರಿಕೊಂಡಾಗ, ಅನೇಕರು ಇಂಥ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿದರು. ಕೆಲವು ಟೇಪುಗಳು ತಿರುಗಿದವು. ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು.