ಖಾಲಿ ಕಿಸೆಯ ಬಾದಶಾಹಿ ದಿನ

ನಸುಕಿನ ಬಸ್ಸು ಬಾಗಲಕೋಟೆ ಬಿಟ್ಟು ಕೋಲ್ಹಾರದ ಸೇತುವೆ ಏರುವ ಹೊತ್ತಿಗೆ ಕೃಷ್ಣೆಯ ಹಿನ್ನೀರಿನ ಮೇಲೆ ಬೆಳಕು ಹರಿದಿತ್ತು. "ಆಧಾರ್ ತೋರಸ್ರೆವಾ" ಎಂದ ಕಂಡಕ್ಟರ್ ನಮ್ಮಿಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು ಮುಂದೆ ಹೋದ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹಾಸ್ಟೆಲ್ ಹುಡುಗಿಯರ ಭೂಗೋಳವೇ ಹಿಗ್ಗಿದೆ. ನಾನು ಸಿವಿಲ್ ಇಂಜಿನಿಯರಿಂಗ್, ಗೆಳತಿ ಇತಿಹಾಸದ ಎಂ.ಎ. ಅವಳಿಗೆ ಸುಲ್ತಾನರು ಬೇಕು, ನನಗೆ ಕಮಾನು. ವಿಜಯಪುರದಲ್ಲಿ ಎರಡಕ್ಕೂ ಬರವಿಲ್ಲ.

ಬೇರೆಲ್ಲ ಬಿಟ್ಟು ಮೊದಲು ಗೋಳಗುಮ್ಮಟಕ್ಕೇ ಹೋಗಬೇಕು, ಅದೂ ಶಾಲೆ ಮಕ್ಕಳ ಬಸ್ಸುಗಳು ಬರುವ ಮುಂಚೆ. ಟಿಕೆಟ್ಟಿಗೆ 25 ರೂಪಾಯಿ. ಒಳಗೆ ಕಾಲಿಟ್ಟೆ; ಕಣ್ಣಿಗೆ ಅಳತೆಯೇ ಸಿಗಲಿಲ್ಲ. ಸುಮಾರು 1,700 ಚದರ ಮೀಟರ್ ನೆಲ, ನಡುವೆ ಒಂದೇ ಒಂದು ಕಂಬವಿಲ್ಲ. ಕಟ್ಟೆಯ ಮೇಲಿನ ಮೊಹಮ್ಮದ್ ಆದಿಲ್ ಶಾಹನ ಗೋರಿ ಆಟಿಕೆಯಷ್ಟು ಚಿಕ್ಕದಾಗಿ ಕಂಡಿತು. 1656ರಲ್ಲಿ ತೀರಿಕೊಂಡ ಈ ಸುಲ್ತಾನ ತನ್ನ ಸಮಾಧಿಗೆ ಇಷ್ಟು ಖಾಲಿ ಜಾಗವನ್ನು ಯಾಕೆ ಕಟ್ಟಿಸಿಕೊಂಡ ಎಂದು ಗೆಳತಿಯನ್ನು ಕೇಳಿದೆ. "ನೋಡಿ ನೀ ಬಾಯಿ ತಗೀಲಿ ಅಂತ" ಎಂದಳು.

ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಕಡಿದು, ಇಕ್ಕಟ್ಟು. ಏಳು ಅಂತಸ್ತು ಏರಿ, ಗುಮ್ಮಟದ ಬುಡದ ಬಾಗಿಲಿನಿಂದ ಒಳಗಿನ ಸುತ್ತು ಮೊಗಸಾಲೆಗೆ ಬಂದೆವು. ಗೆಳತಿ ಎದುರು ದಿಕ್ಕಿಗೆ ಹೋಗಿ ಗೋಡೆಗೆ ಮುಖ ಹಚ್ಚಿ ಕೂತಳು. ನಮ್ಮಿಬ್ಬರ ನಡುವೆ ಸುಮಾರು 38 ಮೀಟರ್ ಗಾಳಿ, ಕೆಳಗೆ ಪಾತಾಳ. ಅವಳ ತುಟಿ ಆಡಿದ್ದೂ ಕಾಣದಷ್ಟು ದೂರ. ಆದರೂ ಕಿವಿಯ ಪಕ್ಕದಲ್ಲೇ ಯಾರೋ ಪಿಸುಗುಟ್ಟಿದಂತೆ ಕೇಳಿತು: "ಮೆಸ್ ಬಿಲ್ ಕಟ್ಟೀಯೇನ?"

ಮೈ ಜುಮ್ಮೆಂದಿತು. ದುಂಡನೆಯ ಗೋಡೆ ಸದ್ದನ್ನು ಚದುರಗೊಡದೆ ತನ್ನ ಮೈಗುಂಟ ಜಾರಿಸಿಕೊಂಡು ಹೋಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಮೆಸ್ ಬಿಲ್ಲಿನ ಮಾತೊಂದು ಹಾಗೆ ಜಾರಿ ಬಂದು ಕಿವಿ ಸೇರಿದಾಗ ಪುಸ್ತಕ ಮರೆತೇಹೋಯಿತು. ಒಂದು ಸಲ ಚಪ್ಪಾಳೆ ತಟ್ಟಿದೆ. ಅದು ಏಳಕ್ಕೂ ಹೆಚ್ಚು ಸಲ ತಿರುಗಿ ಬಂತು. ಎಣಿಸುವುದು ಬಿಟ್ಟು ಕೇಳುತ್ತ ನಿಂತೆ. ಅಷ್ಟರಲ್ಲಿ ಶಾಲೆ ಮಕ್ಕಳ ದಂಡು ಮೇಲೆ ಬಂತು. ಆಮೇಲೆ ಅಲ್ಲಿ ಪ್ರತಿಧ್ವನಿ ಇರಲಿಲ್ಲ, ಸಂತೆ ಇತ್ತು.

ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಉಂಡೆವು. ದಿನದ ದೊಡ್ಡ ಖರ್ಚು ಅದೇ. ಅಲ್ಲಿಂದ ಪಶ್ಚಿಮದ ಕೋಟೆಗೋಡೆಗೆ ಟಾಂಗಾ. ಟಾಂಗಾ ಇನ್ನೂ ಉಳಿದಿರುವ ಊರಿಗೆ ಬಂದು ಆಟೋ ಹತ್ತುವುದು ಪಾಪ.

ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಬಿಸಿಲು ಕಾಯಿಸುತ್ತ ಮಲಗಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಬಾಯಿಯ ಕಡೆ ಸಿಂಹದ ಮುಖ, ಅದರ ಹಲ್ಲುಗಳ ನಡುವೆ ಒದ್ದಾಡುವ ಪುಟ್ಟ ಆನೆ. ಗೆಳತಿ ಹೇಳಿದ ಕಥೆ ಇನ್ನೂ ರುಚಿಯಾಗಿತ್ತು. 1854ರಲ್ಲಿ ಬ್ರಿಟಿಷ್ ಸರಕಾರ ಊರಿನ ನಿರುಪಯೋಗಿ ಸಾಮಾನನ್ನೆಲ್ಲ ಹರಾಜಿಗಿಟ್ಟಾಗ ಈ ತೋಪಿಗೆ ಬಂದ ಬೆಲೆ 150 ರೂಪಾಯಿ! ಇಷ್ಟು ಕಡಿಮೆ ಬೆಲೆಗೆ ಕೊಡುವುದು ಸರಿಯಲ್ಲವೆಂದು ಮಾಮಲೇದಾರ ಮೇಲಿನವರಿಗೆ ಬರೆದ, ಹರಾಜು ರದ್ದಾಯಿತು. ಆ ಗುಮಾಸ್ತಗಿರಿಗೆ ಮನಸ್ಸಿನಲ್ಲೇ ಕೈಮುಗಿದೆ. ಪಕ್ಕದ ಉಪ್ಲಿ ಬುರುಜನ್ನೂ ಹತ್ತಿದೆವು, ಗಾಳಿಗಾಗಿ.

ಇಬ್ರಾಹಿಂ ರೋಜಾದಲ್ಲಿ ಬೇರೆಯೇ ಲೋಕ. ಗೋಳಗುಮ್ಮಟ ಹೆದರಿಸಿದರೆ ಇದು ಹತ್ತಿರ ಕರೆಯುತ್ತದೆ. ಒಂದೇ ಜಗುಲಿಯ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ಕಾರಂಜಿಯ ಕೊಳ. ಕಿಟಕಿಗಳ ಕಲ್ಲಿನ ಜಾಲರಿಯಲ್ಲಿ ಅಕ್ಷರಗಳನ್ನೇ ಕೊರೆದಿದ್ದಾರೆ; ಒಳಗೆ ಬರುವ ಬೆಳಕೆಲ್ಲ ಅಕ್ಷರಗಳ ಸಂದಿಯಿಂದಲೇ ಬರಬೇಕು. ಸರಸ್ವತಿಯನ್ನು ಸ್ತುತಿಸಿ ಹಾಡು ಕಟ್ಟಿದ, ಜನ ಜಗದ್ಗುರು ಬಾದಶಹ ಎಂದು ಕರೆದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಇಲ್ಲಿ ಮಲಗಿದ್ದಾನೆ. ಕಟ್ಟಿದವನು ಮಲಿಕ್ ಸಂದಲ್. ಖರ್ಚನ್ನು ಶಾಸನದಲ್ಲೇ ಕೆತ್ತಿಸಿದ್ದಾನೆ, ಸುಮಾರು ಒಂದೂವರೆ ಲಕ್ಷ ಹೊನ್ನು. ಲೆಕ್ಕ ಇಡುವ ಈ ಮನುಷ್ಯ ನನಗೆ ಬಲು ಇಷ್ಟವಾದ. ಪೈಸೆ ಪೈಸೆ ಬರೆದಿಡುತ್ತಿದ್ದ ಗೆಳತಿಯ ಡೈರಿ ನೋಡಿ ನಗು ಬಂತು.

ಮರಳುವಾಗ ಬಾರಾ ಕಮಾನ್. ಎರಡನೆಯ ಅಲಿ ಆದಿಲ್ ಶಾಹ ತಂದೆ ಮೊಹಮ್ಮದನ ಗುಮ್ಮಟವನ್ನೂ ಮೀರಿಸಬೇಕೆಂದು ತನ್ನ ಸಮಾಧಿ ಶುರುಮಾಡಿ 1672ರಲ್ಲಿ ತೀರಿಕೊಂಡ. ಮಾಡಿಲ್ಲದ ಕಪ್ಪು ಕಮಾನುಗಳು ಬರಿ ಆಕಾಶವನ್ನು ಹೊತ್ತು ನಿಂತಿವೆ. ಬೆಳಿಗ್ಗೆ ಬಾಯಿ ತೆರೆದು ನೋಡಿದ್ದರ ಗುಟ್ಟು ಇಲ್ಲಿ ಬಿಚ್ಚಿಕೊಂಡಿತು: ಒಂದೊಂದು ಕಲ್ಲೂ ಪಕ್ಕದ್ದಕ್ಕೆ ಹೆಗಲು ಕೊಟ್ಟದ್ದು, ಕಮಾನು ಅರ್ಧಕ್ಕೆ ನಿಂತಲ್ಲಿ ಅದರ ದಪ್ಪ, ಎಲ್ಲವೂ ಕಣ್ಣೆದುರು. ಹೊರಗಿನ ಮಣ್ಣಿನಲ್ಲಿ ಕಡ್ಡಿಯಿಂದ ಒಂದರ ಮೇಲೊಂದು ಓರೆಯಾಗಿ ಎರಡು ಚೌಕ ಬರೆದು ಗೆಳತಿಗೆ ತೋರಿಸಿದೆ. ಎಂಟು ಕಮಾನು ಹೀಗೆ ಒಂದನ್ನೊಂದು ಹಾಯ್ದಾಗ ನಡುವೆ ಉಳಿಯುವ ದುಂಡಿನ ಮೇಲೆ ಗೋಳಗುಮ್ಮಟ ಕೂತಿದೆ. ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಚಾಚಿದ ಕಮಾನುಗಳ ಭಾರ ಅದನ್ನು ಹಿಡಿದು ನಿಲ್ಲಿಸುತ್ತದೆ.

ಕ್ರಿಕೆಟ್ ಬಿಟ್ಟು ಬಂದ ಹುಡುಗನೊಬ್ಬ ನಮ್ಮ ಚಿತ್ರವನ್ನೇ ನೋಡುತ್ತ ನಿಂತಿದ್ದ.

"ಅಕ್ಕಾ, ಇಷ್ಟೆಲ್ಲಾ ಗೊತ್ತೈತಿ ಅಂದ್ರ ಇದನ್ನ ನೀವ ಯಾಕ ಮುಗಸಬಾರ್ದು?"

"ಈಕಿ ಕಿಸೇದಾಗ ಅರವತ್ತ ರೂಪಾಯಿ ಉಳದಾವೋ" ಎಂದಳು ಗೆಳತಿ. "ಅದ್ರಾಗ ಇನ್ನೂ ಚಾ ಕುಡಿಯೋದೈತಿ."