ಬಿಗಿಯುಡುಗೆಯ ಉಪಚಾರ

ಉಡುಗೆಗೆ ಮೂರು ಪ್ರಯೋಜನಗಳೆಂದು ಲೋಕವು ತಿಳಿದಿರುವುದು: ಮಾನವನ್ನು ಕಾಯುವುದು, ಚಳಿಬಿಸಿಲುಗಳನ್ನು ತಡೆಯುವುದು, ಶೋಭೆಯನ್ನು ಕೊಡುವುದು. ಈ ಮೂರಕ್ಕೂ ಸೇರದೆ, ತಾನೇ ಔಷಧವಾಗಿರುವ ಉಡುಗೆಯೂ ಒಂದುಂಟು. ಶಸ್ತ್ರಚಿಕಿತ್ಸೆಯಾದ ಮೇಲೆ ಅಂಗವನ್ನು ಹದವಾಗಿ ಒತ್ತಿ ಹಿಡಿದು ಊತವೇರದಂತೆ ಕಾಯುವ ಕಾಲುಚೀಲ, ತೋಳುಗವಸು ಮೊದಲಾದುವು ಅದರ ಪ್ರಭೇದಗಳು. ವೈದ್ಯರು ಇದನ್ನು ಕಂಪ್ರೆಷನ್ ಗಾರ್ಮೆಂಟ್ ಎನ್ನುವರು. ಹೆಸರು ಹೊಸದು, ತತ್ತ್ವ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವ್ರಣಬಂಧಗಳನ್ನು 14 ಬಗೆಯಾಗಿ ಎಣಿಸಿ, ಕಟ್ಟಿನ ಬಿಗಿಯನ್ನು ಗಾಢ, ಸಮ, ಶಿಥಿಲ ಎಂದು ವಿಂಗಡಿಸಿದೆ. ಗಾಢವಾದ ಕಟ್ಟೂ ಒತ್ತಬೇಕೇ ಹೊರತು ನೋಯಿಸಬಾರದೆಂಬುದು ಅಲ್ಲಿನ ಮತ. ಈಗಿನ ವೈದ್ಯರು ಆ ಬಿಗಿಯನ್ನೇ ಪಾದರಸದ ಮಿಲಿಮೀಟರುಗಳಲ್ಲಿ ಅಳೆದು, 20ರಿಂದ 30, 30ರಿಂದ 40 ಎಂದು ಬರೆದುಕೊಡುವರು.

ಸ್ತನದ ಅರ್ಬುದಕ್ಕೆ, ಎಂದರೆ ಕ್ಯಾನ್ಸರಿಗೆ, ಶಸ್ತ್ರಚಿಕಿತ್ಸೆ ಮಾಡುವಾಗ ಕಂಕುಳಿನ ದುಗ್ಧರಸಗ್ರಂಥಿಗಳನ್ನೂ ತೆಗೆಯಬೇಕಾಗುವುದುಂಟು. ತೋಳಿನ ರಸವು ಹಿಂದಿರುಗುವ ದಾರಿ ಆಗ ಕಿರಿದಾಗುವುದು. ಕಾಲುವೆ ಮುಚ್ಚಿದರೆ ಗದ್ದೆಯಲ್ಲಿಯೇ ನೀರು ನಿಲ್ಲುವಂತೆ ರಸವು ತೋಳಿನಲ್ಲಿ ನಿಂತು ಊದಿಕೊಳ್ಳುವುದು. ಕೆಲವರಿಗೆ ತಿಂಗಳುಗಳಲ್ಲಿ, ಕೆಲವರಿಗೆ ವರ್ಷಗಳು ಕಳೆದ ಮೇಲೆ, ಅನೇಕರಿಗೆ ಎಂದಿಗೂ ಇಲ್ಲ. ಊತವು ಬಹುಕಾಲ ನಿಂತರೆ ಚರ್ಮ ಗಡುಸಾಗುವುದು. ಆಮೇಲೆ ಅದನ್ನು ಇಳಿಸುವುದು ಕಷ್ಟ. ಮಣಿಕಟ್ಟಿನಲ್ಲಿ ಹೆಚ್ಚಾಗಿ ಬಿಗಿದು, ಮೇಲೆ ಹೋದಂತೆಲ್ಲ ಸಡಿಲವಾಗುವ ತೋಳುಗವಸು ಆ ರಸವನ್ನು ಮೇಲಕ್ಕೆ ಸಾಗಿಸಲು ನೆರವಾಗುವುದು.

ಆಸ್ಪತ್ರೆಯಲ್ಲಿ ಇದೆಲ್ಲ ಸುಲಭವಾಗಿ ತಿಳಿಯುವುದು; ಮನೆಯ ಮಾತೇ ಬೇರೆ. ಅರುವತ್ತರ ಸಮೀಪದ ಗೃಹಿಣಿಯೊಬ್ಬರಿಗೆ ಬಲದೋಳು ಹೀಗೆ ಊದಿತು. ಗವಸನ್ನು ತೊಡಬೇಕಾದರೆ ಗಾಜಿನ ಬಳೆಗಳನ್ನು ತೆಗೆಯಬೇಕು. “ಮುತ್ತೈದೆ ಬಲಗೈ ಬರಿದು ಮಾಡಿಕೊಂಡು ಆರತಿ ಎತ್ತುವುದು ಹೇಗಮ್ಮ?” ಎಂದರು ಹಿರಿಯ ಓರಗಿತ್ತಿ. ಆ ಮಾತಿನಲ್ಲಿ ಕೇಡಿರಲಿಲ್ಲ, ಪ್ರೀತಿಯೇ ಇದ್ದಿತು. ಆದುದರಿಂದಲೇ ಅದನ್ನು ಮೀರುವುದು ಕಠಿನವಾಯಿತು. ಬಂಧುಗಳ ಮದುವೆಯ ಮೂರು ದಿನ ಗವಸು ಪೆಟ್ಟಿಗೆಯಲ್ಲಿ ಉಳಿಯಿತು, ಬಳೆಗಳು ಕೈಯಲ್ಲಿ ಉಳಿದುವು. ನಾಲ್ಕನೆಯ ದಿನ ಬಳೆಗಳನ್ನು ಒಡೆದೇ ತೆಗೆಯಬೇಕಾಯಿತು. ಗವಸು ಮೊಳಕೈಯನ್ನು ದಾಟಲಿಲ್ಲ. ವಾರಗಳ ಕಾಲ ಪಟ್ಟಿ ಸುತ್ತಿ ಊತವಿಳಿಸಿ, ಹೊಸದಾಗಿ ಅಳತೆ ತೆಗೆಯಬೇಕಾಯಿತು. ಆಗ ಯಜಮಾನರು ಹೇಳಿದ್ದು ಇಷ್ಟೆ: “ಎಡಗೈ ಬಳೆ ನನಗೆ ಸಾಕು.” ಓರಗಿತ್ತಿಯವರು ಮರುಮಾತಾಡಲಿಲ್ಲ.

ಅಂದಿನಿಂದ ತೊಡಿಸುವ ಕೆಲಸ ಯಜಮಾನರದಾಯಿತು. ಬೆಳಗ್ಗೆ ಎದ್ದೊಡನೆ, ಊತವೇರುವ ಮುನ್ನ, ಒಣಗಿದ ತೋಳಿಗೆ ಅದನ್ನು ಏರಿಸಬೇಕು. ಉಗುರು ತಾಕಿ ಹರಿಯದಂತೆ ರಬ್ಬರಿನ ಕೈಗವಸು ಹಾಕಿಕೊಂಡು, ಅಂಗೈಯಿಂದ ಸವರಿ ಸುಕ್ಕು ಬಿಡಿಸಬೇಕು. ಉದ್ದವಾಯಿತೆಂದು ಮೇಲಂಚನ್ನು ಮಡಿಸಿದರೆ ಆ ಮಡಿಕೆಯೇ ಹಗ್ಗದಂತೆ ಬಿಗಿಯುವುದು. ಬೆರಳು ನೀಲಿಯಾದರೆ, ಜೋಮು ಹಿಡಿದರೆ ಕೂಡಲೇ ಕಳಚಬೇಕು. ತೋಳು ಕೆಂಪೇರಿ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಲು ಮರುದಿನಕ್ಕಾಗಿ ಕಾಯಬಾರದು. ಚರ್ಮಕ್ಕೆ ಎಣ್ಣೆ ಲೇಪಗಳು ರಾತ್ರಿ, ಗವಸು ಕಳಚಿದ ಮೇಲೆ.

ಇನ್ನು ಒಗೆಯುವ ಕಲ್ಲು ಈ ಉಡುಗೆಗೆ ಪರಮಶತ್ರು. ಮನೆಗೆಲಸದಾಕೆ ಮೊದಲ ಗವಸನ್ನು ಪಂಚೆಗಳೊಡನೆ ಬಿಸಿನೀರಿನಲ್ಲಿ ನೆನೆಸಿ, ಕಲ್ಲಿಗೆ ಬಡಿದು, ಹಿಂಡಿ, ಬಿಸಿಲಿಗೆ ಹರವಿ, ಬಹಳ ಚೊಕ್ಕಟವಾಗಿ ಕೆಡಿಸಿದ್ದಳು! ಇದರ ಗುಣವೆಲ್ಲ ಹಿಗ್ಗಿ ಕುಗ್ಗುವ ನೂಲಿನಲ್ಲಿದೆ. ಎಲಾಸ್ಟೇನ್ ಎಂಬ ಆ ನೂಲನ್ನು ಅಮೆರಿಕೆಯ ಡ್ಯೂಪಾಂಟ್ ಸಂಸ್ಥೆಯಲ್ಲಿ ಜೋಸೆಫ್ ಶಿವರ್ಸ್ 1958ರಲ್ಲಿ ಸಿದ್ಧಪಡಿಸಿದರು. ಕಾವು ತಾಗಿದರೆ ನೂಲಿನ ಹುರಿ ಸಡಿಲುವುದು. ನೋಡಲು ಗವಸು ಹಾಗೆಯೇ ಇರುವುದು, ಒತ್ತುವ ಶಕ್ತಿ ಮಾತ್ರ ಹೋಗಿರುವುದು. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು ಸಾಕು. ಹಿಂಡದೆ, ಒಣಟವಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಬೇಕು. ಬೆವರು ನೂಲನ್ನು ತಿನ್ನುವುದರಿಂದ ನಿತ್ಯವೂ ಒಗೆಯಬೇಕು. ಆದಕಾರಣ ಎರಡು ಗವಸುಗಳಿರುವುದು ಮೇಲು.

ಎಷ್ಟು ಜೋಪಾನ ಮಾಡಿದರೂ ಸುಮಾರು ಆರು ತಿಂಗಳಲ್ಲಿ ಅದು ಸೋಲುವುದು. ಆ ಮನೆಯಲ್ಲಿ ಮುಂದಿನ ಅಳತೆಯ ದಿನವನ್ನು ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿದ್ದಾರೆ, ಬರಹ ಓರಗಿತ್ತಿಯವರದು.