ಬೂದು ಬಕನಿಗೊಂದು ಕಾಗದ

ಅಮರಾಪುರ

ಬಕರಾಯನಿಗೆ,

ಇತ್ತ ನಾವು ಕ್ಷೇಮ. ನಿನ್ನ ಕ್ಷೇಮ ವಿಚಾರಿಸೋಣವೆಂದರೆ ವಿಳಾಸವೇ ಇಲ್ಲ. ನಮ್ಮ ಆಂಧ್ರದ ಗಡಿಯಾಚೆ, ಕರ್ನಾಟಕದ ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರದ ಕೊಂಬೆಯಲ್ಲಿ ನಿನ್ನನ್ನು ಕಂಡಿದ್ದೆ. ಈ ಸಲ ಆ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳು ಬಿಡಾರ ಹೂಡಿವೆ. ನಿನ್ನ ಕಾಲಿಗೆ ಯಾರೂ ಗುರುತಿನ ಉಂಗುರ ತೊಡಿಸಿರಲಿಲ್ಲ. ಎದುರಿಗೇ ಬಂದು ನಿಂತರೂ ನೀನೇ ಎಂದು ಗುರುತಿಸಲಾರೆ.

ನೀನು ಹೆಣ್ಣನ್ನು ಕರೆದ ಪರಿ ಮಾತ್ರ ಮರೆತಿಲ್ಲ. ಮೊದಲು ಬಂದು ಹಳೇ ಗೂಡು ಹಿಡಿದೆ. ಕೊಕ್ಕನ್ನು ಆಕಾಶಕ್ಕೆತ್ತಿ ಕತ್ತು ನಿಮಿರಿಸಿದೆ, ಹಾಗೆಯೇ ಕಾಲು ಮಡಿಸುತ್ತ ತಲೆಯನ್ನು ಬೆನ್ನಿನತ್ತ ಇಳಿಸಿದೆ. ಇನ್ನೊಮ್ಮೆ ಕತ್ತನ್ನು ಮುಂದಕ್ಕೆ ಚಾಚಿ ಬಾಗಿಸಿ, ಜುಟ್ಟು ನಿಗುರಿಸಿ, ಕೊಕ್ಕನ್ನು 'ಟಕ್' ಎನಿಸಿದೆ. ಹಳದಿ ಕೊಕ್ಕಿಗೆ ಆಗ ಕಿತ್ತಳೆಗೆಂಪು ಏರಿತ್ತು. ಇಷ್ಟೆಲ್ಲ ಮಾಡಿ ಕರೆದವನು, ಅವಳು ಬಂದೊಡನೆ ತಿವಿಯಲು ಹೋದೆಯಲ್ಲ ಮಾರಾಯ! ಅವಳೂ ಬಿಡಲಿಲ್ಲ. ಅಟ್ಟಿದರೆ ಪಕ್ಕದ ಕೊಂಬೆಗೆ ಹಾರುವಳು, ತಿರುಗಿ ಬರುವಳು.

ಒಂಟಿಯಾಗಿ ನಿಂತು ಮೀನು ಇರಿಯುವ ಜಾತಿ ನಿನ್ನದು; ಹತ್ತಿರ ಬಂದವರನ್ನೆಲ್ಲ ಎದುರಾಳಿ ಎನ್ನುವ ಕೊಕ್ಕು. ಅದನ್ನು ಹತೋಟಿಗೆ ತರಲು ಇಷ್ಟೊಂದು ಶಾಸ್ತ್ರ ಬೇಕಾಯಿತು. ಹಾಲೆಂಡಿನ ಪ್ರಾಣಿವಿಜ್ಞಾನಿ ಯಾನ್ ಫರ್ವೈ ನಿಮ್ಮ ಈ ಪ್ರಣಯವನ್ನೇ ಕೂತು ನೋಡಿ 1930ರಲ್ಲಿ ಬರೆದು ಪ್ರಕಟಿಸಿದ.

ಅವಳು ಉಳಿದ ಮೇಲೆ ಕಡ್ಡಿ ತರುವ ಕೆಲಸ ನಿನ್ನ ಪಾಲಿಗೆ ಬಂತು. ನೀನು ಕೊಟ್ಟ ಜಾಲಿಕಡ್ಡಿಯನ್ನು ಅವಳು ಗೂಡಿಗೆ ತುರುಕಿ, ಅಲುಗಿಸಿ ನೋಡಿ, ಹಿಡಿಸದಿದ್ದರೆ ಕಿತ್ತು ಬೇರೆಡೆ ಸಿಕ್ಕಿಸುತ್ತಿದ್ದಳು. ಆಮೇಲೆ ತಿಳಿನೀಲಿ ಮೊಟ್ಟೆಗಳಿಗೆ ಸುಮಾರು 25 ದಿನ ಇಬ್ಬರದೂ ಸರದಿ ಕಾವು. ಸರದಿ ಬದಲಿಸುವಾಗಲೂ ಕತ್ತೆತ್ತಿ ಒಬ್ಬರಿಗೊಬ್ಬರು ವಂದಿಸದೆ ಗೂಡಿಗೆ ಪ್ರವೇಶವಿರಲಿಲ್ಲ.

ಇಷ್ಟು ಕಷ್ಟಪಟ್ಟು ಕೂಡಿದ ಜೋಡಿ ಸಾಮಾನ್ಯವಾಗಿ ಒಂದೇ ಋತುವಿನದು. ಮುಂದಿನ ವರ್ಷ ಬೇರೆ ಸಂಬಂಧ. ಗೂಡಿನ ಠಾವನ್ನು ಮಾತ್ರ ನಿಮ್ಮ ಕುಲ ಬೇಗ ಬಿಡುವುದಿಲ್ಲ. ಹಾಗಾಗಿ ಕಗ್ಗಲಡುವಿನವರು ಊರೊಳಗಿನ ಹುಣಸೆಮರಗಳನ್ನು ಉಳಿಸಿಕೊಂಡದ್ದು ದೊಡ್ಡ ಮಾತು. ನಮ್ಮ ಸೀಮೆಯ ಚಿಲಮತ್ತೂರು ಬಳಿಯ ವೀರಾಪುರದಲ್ಲೂ ಬಣ್ಣದ ಕೊಕ್ಕರೆಗಳಿಗೆ ಊರ ಮರಗಳೇ ಆಸರೆ.

ಮರವೊಂದಿದ್ದರೆ ಸಾಲದು, ಕೆರೆಯಲ್ಲಿ ಮೀನೂ ಇರಬೇಕು. ಮಳೆ ನಮ್ಮ ಕೈಲಿಲ್ಲ ನಿಜ; ಹೂಳೆತ್ತುವುದು, ಕೆರೆಗೆ ನೀರು ತರುವ ಕಾಲುವೆಯ ಒತ್ತುವರಿ ಬಿಡಿಸುವುದು ನಮ್ಮ ಕೈಲೇ ಇದೆ. ನೀನು ಬರದಿದ್ದರೆ ನಿನ್ನ ಕುಲದ ಇನ್ನೊಬ್ಬ ಬಂದಾನು. ಸಂಬಂಧ ಕುದುರಿಸಿಕೊಳ್ಳುವುದು ನಿಮಗೆ ಸೇರಿದ್ದು. ಮದುವೆಯ ಛತ್ರ ಕಾಪಾಡುವುದು ನಮ್ಮ ಹೊಣೆ.

ಇಂತಿ,
ಗಡಿಯ ಈಚೆಯವನು